ಆಗುಂಬೆ ಘಾಟಿಯಲ್ಲಿ ಮಿಸ್ ಹೊಡೆಯುವ ಕಾರು: ಫ್ಯೂಯಲ್ ಪಂಪ್ ಬದಲಿಸಿದರೂ ಯಾಕೆ ಸರಿಯಾಗಲಿಲ್ಲ?

ಪ್ರಶ್ನೆ: ನಮ್ಮದು 2017ರ ಪೆಟ್ರೋಲ್ ಕಾರು, 1200 ಸಿಸಿ, ನಾಲ್ಕು ಸಿಲಿಂಡರ್. 84 ಸಾವಿರ ಕಿ.ಮೀ. ಓಡಿದೆ. ಉಡುಪಿಯಲ್ಲಿ ಮನೆ, ತೀರ್ಥಹಳ್ಳಿ ನನ್ನ ತವರು, ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇವೆ. ಮಳೆ ಶುರುವಾದಾಗಿನಿಂದ ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಕಾರು ಜರ್ಕ್ ಹೊಡೆಯುತ್ತದೆ, ಪಿಕಪ್ ಇಲ್ಲ, ಮೀಟರ್ ಬೋರ್ಡಿನಲ್ಲಿ ಎಂಜಿನ್ ದೀಪ ಮಿನುಗುತ್ತದೆ. ಬಯಲಿನಲ್ಲಿ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಉಡುಪಿ ಪೇಟೆಯ ಕಲ್ಸಂಕದಲ್ಲಿ ಏಸಿ ಹಾಕಿಕೊಂಡು ನಿಂತರೆ ಕೆಲವೊಮ್ಮೆ ಎಂಜಿನ್ ಆಫ್ ಆಗಿಬಿಡುತ್ತದೆ, ಸೆಲ್ಫ್ ಹೊಡೆದರೆ ಕೂಡಲೇ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ 0171, ಪಿ 0302 ಎಂದು ಎರಡು ಕೋಡ್ ಬಂತು. ಫ್ಯೂಯಲ್ ಪಂಪ್ ಬದಲಿಸಿದರು, ನಾಲ್ಕೂ ಪ್ಲಗ್ ಹೊಸತು ಹಾಕಿದರು. 15 ಸಾವಿರ ಖರ್ಚಾಯಿತು, ಕಾರು ಹಾಗೆಯೇ ಇದೆ. ಈಗ ಆಕ್ಸಿಜನ್ ಸೆನ್ಸರ್ ಹೋಗಿರಬಹುದು ಅನ್ನುತ್ತಿದ್ದಾರೆ. ಪೆಟ್ರೋಲಿಗೆ ಎಥೆನಾಲ್ ಸೇರಿಸುವುದರಿಂದಲೇ ಹೀಗಾಗುತ್ತಿದೆ ಎಂದು ನೆರೆಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಆಕ್ಸಿಜನ್ ಸೆನ್ಸರಿಗೆ ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮೂರು ತೊಂದರೆ ಬರೆದಿದ್ದೀರಿ: ಜರ್ಕ್, ಪಿಕಪ್ ಇಲ್ಲದಿರುವುದು, ನಿಂತಲ್ಲಿ ಆಫ್ ಆಗುವುದು. ನನ್ನ ಲೆಕ್ಕದಲ್ಲಿ ಕಾಯಿಲೆ ಎರಡು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಮೂರನ್ನೂ ಒಂದೇ ಗಂಟು ಕಟ್ಟಿ ಒಂದೇ ಭಾಗದ ಮೇಲೆ ಹೊರಿಸಲು ಹೋದದ್ದರಿಂದ ಪಂಪಿನ ದುಡ್ಡು ಸುಮ್ಮನೆ ಹೋಯಿತು.

ಕಾರು ಕೆಟ್ಟಾಗ ಎಲ್ಲರೂ ಮೊದಲು ಕೇಳುವುದು ‘ಯಾವ ಪಾರ್ಟ್ ಹೋಗಿದೆ’ ಎಂದು. ಮಂಗಳೂರಿನ ಗ್ಯಾರೇಜುಗಳಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ನಾನು ಕಲಿತದ್ದು, ಮೊದಲು ಕೇಳಬೇಕಾದ್ದು ‘ಯಾವಾಗ’ ಎಂದು. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆಯಲ್ಲೋ ಬಿಸಿಲಲ್ಲೋ, ಏರಿನಲ್ಲೋ ನಿಂತಲ್ಲೋ? ನೀವು ಇದನ್ನೆಲ್ಲ ಕೇಳುವ ಮೊದಲೇ ಬರೆದಿದ್ದೀರಿ. ಅರ್ಧ ಕೆಲಸ ಅಲ್ಲಿಗೇ ಮುಗಿದಿದೆ.

ಮೊದಲು ಘಾಟಿಯ ಜರ್ಕ್ ನೋಡೋಣ. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರಿನ ಆಸುಪಾಸು ಸಂದು ಇರುತ್ತದೆ. ಕಿಡಿ ಹಾರಬೇಕಾದ್ದು ಅಲ್ಲಿ. ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಂಡಿದೆಯೋ ಕಿಡಿ ಹಾರುವುದು ಅಷ್ಟು ಕಷ್ಟ, ಅಷ್ಟು ಹೆಚ್ಚು ವೋಲ್ಟೇಜ್ ಬೇಕು. ಹೆಬ್ರಿಯವರೆಗೆ ಸಮ ರಸ್ತೆಯಲ್ಲಿ ಕಾಲಿನ ತುದಿ ಇಟ್ಟುಕೊಂಡು ಹೋಗುವಾಗ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಸ್ವಲ್ಪವೇ ತೆರೆದಿರುತ್ತದೆ, ಒಳಗೆ ಹೋಗುವ ಗಾಳಿ ಕಡಿಮೆ, ಸುಮಾರು ಹತ್ತು ಸಾವಿರ ವೋಲ್ಟ್ ಇದ್ದರೂ ಕಿಡಿ ಹಾರೀತು. ಸೋಮೇಶ್ವರ ದಾಟಿ ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದಿರಿ ಎನ್ನಿ, ಥ್ರಾಟಲ್ ಪೂರ್ತಿ ತೆರೆದು ಸಿಲಿಂಡರ್ ತುಂಬ ಗಾಳಿ ಬರುತ್ತದೆ. ಆಗ ಅದೇ ಸಂದಿಗೆ ಇಪ್ಪತ್ತು ಸಾವಿರಕ್ಕೂ ಮೇಲೆ ಬೇಕಾಗುತ್ತದೆ.

ಇಗ್ನಿಷನ್ ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಅಷ್ಟೆತ್ತರಕ್ಕೆ ಏರಿಸುತ್ತದೆ. ನಿಮ್ಮ ಕಾರಿನಂಥ ಹೆಚ್ಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ, ಅದರ ಕೆಳಗೆ ಪ್ಲಗ್ಗನ್ನು ತಬ್ಬಿಕೊಂಡ ಹಾಗೆ ಉದ್ದದ ರಬ್ಬರ್ ಬೂಟ್. ಏಳೆಂಟು ವರ್ಷ ಎಂಜಿನ್ನಿನ ಕಾವಿನಲ್ಲಿ ಬೆಂದ ರಬ್ಬರ್ ಗಡುಸಾಗುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕರೆಂಟು ಸುಲಭದ ದಾರಿ ಹುಡುಕುತ್ತದೆ. ಪ್ಲಗ್ಗಿನ ಸಂದಿಯನ್ನು ಹಾರುವುದಕ್ಕಿಂತ ಬಿರುಕಿನಿಂದ ಪಕ್ಕದ ಲೋಹದ ಗೋಡೆಗೆ ಹಾರುವುದು ಸುಲಭವಾದರೆ ಅಲ್ಲಿಗೇ ಹಾರುತ್ತದೆ. ಆ ಸಿಲಿಂಡರಿನ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ಅದೇ ಮಿಸ್. 3000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿಗೆ ಸೆಕೆಂಡಿಗೆ 25 ಕಿಡಿ ಬೇಕು, ಅದರಲ್ಲಿ ಐದಾರು ತಪ್ಪಿದರೂ ಕಾರು ಹಿಂದಿನಿಂದ ಯಾರೋ ಜಗ್ಗಿದ ಹಾಗೆ ಆಡುತ್ತದೆ.

ಇನ್ನು ಮಳೆ ಯಾಕೆ? ಒಣ ಹವೆಯಲ್ಲಿ ಹೇಗೋ ನಡೆದುಕೊಂಡು ಹೋಗುವ ಬಿರುಕಿಗೆ ತೇವ ಸೇರಿದರೆ ಕರೆಂಟಿಗೆ ದಾರಿ ಇನ್ನೂ ಸಲೀಸು. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪೂ ಇದೆ. ಘಟ್ಟದ ಮೇಲಿನಿಂದ ಕೆಳಗಿಳಿದು ಇಲ್ಲಿ ನೆಲೆಸಿದವರ ಕಾರುಗಳಲ್ಲಿ ಎರಡೇ ಮಳೆಗಾಲದಲ್ಲಿ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟುವುದನ್ನು ನೋಡಿದ್ದೇನೆ.

ಈಗ ಪಿ 0171ರ ವಿಷಯ. ನಿಮ್ಮ ಮೆಕ್ಯಾನಿಕ್ ದಾರಿ ತಪ್ಪಿದ್ದು ಇಲ್ಲಿ, ಅನುಭವ ಇರುವವರೂ ಇಲ್ಲಿ ತಪ್ಪುತ್ತಾರೆ. ಆ ಕೋಡಿನ ಅರ್ಥ ‘ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು’ ಎಂದು. ಓದಿದ ಕೂಡಲೇ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ, ಪಂಪ್ ಹೋಗಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಾರಿನ ಕಂಪ್ಯೂಟರ್ ಇದನ್ನು ತಿಳಿಯುವುದು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿನಿಂದ. ಆ ಸೆನ್ಸರ್ ಅಳೆಯುವುದು ಆಕ್ಸಿಜನ್ ಒಂದನ್ನೇ. ಪೆಟ್ರೋಲ್ ಅದಕ್ಕೆ ಕಾಣುವುದಿಲ್ಲ. ಎರಡನೇ ಸಿಲಿಂಡರಿನಲ್ಲಿ ಕಿಡಿ ತಪ್ಪಿದಾಗ ಅದರೊಳಗಿನ ಗಾಳಿ ಉರಿಯದೆ ಪೂರ್ತಿ ಆಕ್ಸಿಜನ್ ಸಮೇತ ಹೊರಗೆ ಬರುತ್ತದೆ. ಸೆನ್ಸರ್ ‘ಆಕ್ಸಿಜನ್ ಜಾಸ್ತಿ ಇದೆ’ ಎಂದು ವರದಿ ಮಾಡುತ್ತದೆ. ಕಂಪ್ಯೂಟರ್ ಅದನ್ನು ನಂಬಿ ನಾಲ್ಕೂ ಸಿಲಿಂಡರಿಗೆ ಪೆಟ್ರೋಲ್ ಹೆಚ್ಚಿಸುತ್ತದೆ, ಹೆಚ್ಚಿಸಿ ಹೆಚ್ಚಿಸಿ ತನ್ನ ಮಿತಿ ಮುಟ್ಟಿದಾಗ ಪಿ 0171 ಬರೆದಿಡುತ್ತದೆ. ಸೆನ್ಸರ್ ಸುಳ್ಳು ಹೇಳಿಲ್ಲ, ಅದಕ್ಕೆ ಕಂಡದ್ದನ್ನೇ ಹೇಳಿದೆ. ಹಾಗಾಗಿಯೇ ಅದನ್ನು ಬದಲಿಸಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದದ್ದು. ಮಿಸ್‌ಫೈರ್ ಕೋಡೂ (ಪಿ 0302) ಲೀನ್ ಕೋಡೂ (ಪಿ 0171) ಜೊತೆಯಾಗಿ ಬಂದು, ಮಿಸ್ ಒಂದೇ ಸಿಲಿಂಡರಿನದ್ದಾಗಿದ್ದರೆ ಮೊದಲು ಮಿಸ್‌ಫೈರಿನ ಬೆನ್ನು ಹಿಡಿಯಬೇಕು.

ಪಂಪ್ ಸೋತಿದ್ದರೆ ಹೇಗಿರುತ್ತಿತ್ತು? ಪೆಟ್ರೋಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರಿಗೆ ಅದು ಹೋಗುವುದು ಒಂದೇ ಪೈಪಿನಿಂದ, ಒತ್ತಡ ಬಿದ್ದರೆ ನಾಲ್ಕೂ ಬಡವಾಗುತ್ತವೆ, ಎರಡನೆಯದು ಮಾತ್ರ ಅಲ್ಲ. ಕಾರಿನ ನಡತೆಯೂ ಬೇರೆ. ಪಂಪ್ ಸೋತ ಕಾರು ಏರಿನಲ್ಲಿ ಮೆಲ್ಲ ಮೆಲ್ಲ ಉಸಿರು ಬಿಡುತ್ತದೆ, ಕಾಲು ಒತ್ತಿದರೂ ಮುಂದೆ ಹೋಗುವುದಿಲ್ಲ, ಆದರೆ ಜಗ್ಗುವುದಿಲ್ಲ. ಕಿಡಿ ತಪ್ಪುವ ಕಾರು ಟಕ್ ಟಕ್ ಎಂದು ಹೊಡೆಯುತ್ತದೆ, ಕಾಲು ಸ್ವಲ್ಪ ಸಡಿಲಿಸಿದರೆ ಅದೇ ಕ್ಷಣ ಸರಿಯಾಗುತ್ತದೆ. ಕಳೆದ ಸಲ ಘಾಟಿಯಲ್ಲಿ ಹೇಗಿತ್ತು ನೆನಪಿಸಿಕೊಳ್ಳಿ: ಕಾಲು ಅರ್ಧ ತೆಗೆದಾಗ ಜರ್ಕ್ ನಿಲ್ಲುತ್ತಿತ್ತೇ? ಪಂಪ್ ಬದಲಿಸುವ ಮೊದಲು ಪೈಪಿಗೆ ಪ್ರೆಷರ್ ಗೇಜ್ ಕಟ್ಟಿ ನೋಡಿದ್ದರೆ ಹದಿನೈದು ನಿಮಿಷದ ಕೆಲಸ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ 3ರಿಂದ 4 ಬಾರ್ ಒತ್ತಡ ಇರಬೇಕು, ರೇಸ್ ಕೊಟ್ಟಾಗಲೂ ಅದು ಬೀಳಬಾರದು.

ಪಿ 0302ರ ಕೊನೆಯ 2 ಎಂದರೆ ಎರಡನೇ ಸಿಲಿಂಡರ್. ಆದರೆ ಆ ಕೋಡ್ ಕಾಯಿಲನ್ನೋ ಪ್ಲಗ್ಗನ್ನೋ ಹೆಸರಿಸುವುದಿಲ್ಲ. ಪಿಸ್ಟನ್ನುಗಳ ನೂಕಿಗೆ ತಿರುಗುವ ಕ್ರ್ಯಾಂಕ್ ಶಾಫ್ಟಿನ ವೇಗವನ್ನು ಕಂಪ್ಯೂಟರ್ ಕ್ಷಣ ಕ್ಷಣಕ್ಕೂ ಎಣಿಸುತ್ತಿರುತ್ತದೆ. ಎರಡನೆಯದರ ಸರದಿ ಬಂದಾಗ ಶಾಫ್ಟಿಗೆ ಸಿಗಬೇಕಾದ ನೂಕು ಸಿಗಲಿಲ್ಲ ಎಂದಷ್ಟೇ ಅದಕ್ಕೆ ಗೊತ್ತು. ಕಿಡಿ ಇಲ್ಲವೋ, ಪೆಟ್ರೋಲ್ ಇಲ್ಲವೋ, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವುದು) ಇಲ್ಲವೋ ಎಂದು ಹುಡುಕುವುದು ನಮ್ಮ ಕೆಲಸ.

ಹುಡುಕುವ ದಾರಿ ಸುಲಭ, ಹೊಸ ಪಾರ್ಟ್ ಒಂದೂ ಬೇಡ. ಎಂಜಿನ್ ತಣ್ಣಗಿರುವಾಗ ಇಗ್ನಿಷನ್ ಆಫ್ ಮಾಡಿ ಎರಡನೇ ಸಿಲಿಂಡರಿನ ಕಾಯಿಲ್ ಬಿಚ್ಚಿ. ಸಾಮಾನ್ಯವಾಗಿ 10 ಎಂಎಂ ಬೋಲ್ಟ್ ಒಂದು, ಕನೆಕ್ಟರ್ ಒಂದು, ಅಷ್ಟೇ. ಅದನ್ನು ನಾಲ್ಕನೆಯದಕ್ಕೆ ಹಾಕಿ, ನಾಲ್ಕನೆಯದನ್ನು ಎರಡನೆಯದಕ್ಕೆ. ಎಣಿಕೆ ಸಾಮಾನ್ಯವಾಗಿ ಬೆಲ್ಟ್ ಅಥವಾ ಚೈನ್ ಇರುವ ಬದಿಯಿಂದ ಶುರು, ಗೇರ್ ಬಾಕ್ಸಿನ ಬದಿಯಿಂದ ಅಲ್ಲ. ಕೋಡ್ ಅಳಿಸಿ. ಆಮೇಲೆ ಎಂಜಿನ್ನಿಗೆ ಭಾರ ಬೀಳುವ ಹಾಗೆ ಓಡಿಸಬೇಕು. ಇದಕ್ಕೆ ಆಗುಂಬೆಯವರೆಗೆ ಹೋಗಬೇಕಿಲ್ಲ, ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವ ಏರು ಸಾಕು. ಹಿಂದೆ ಮುಂದೆ ಗಾಡಿ ಇಲ್ಲದ ಹೊತ್ತು ನೋಡಿ ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಕಾಲು ಪೂರ್ತಿ ಒತ್ತಿ. ದೊಡ್ಡ ಗೇರ್, ಕಡಿಮೆ ವೇಗ, ಪೂರ್ತಿ ಥ್ರಾಟಲ್ ಇರುವಾಗಲೇ ಕಿಡಿಯ ದೌರ್ಬಲ್ಯ ಹೊರಬೀಳುತ್ತದೆ. ಗ್ಯಾರೇಜಿನ ಅಂಗಳದಲ್ಲಿ ನ್ಯೂಟ್ರಲಿನಲ್ಲಿ ಎಷ್ಟು ರೇಸ್ ಕೊಟ್ಟರೂ ಅದು ಕಾಣಿಸುವುದಿಲ್ಲ. ‘ನಮ್ಮಲ್ಲಿ ಓಡಿಸಿದಾಗ ಸರಿ ಇತ್ತು’ ಎಂದು ಗ್ಯಾರೇಜಿನವರು ಹೇಳುವುದು ಇದರಿಂದಲೇ. ಅವರು ಹೇಳಿದ್ದು ನಿಜ, ಆದರೆ ಓಡಿಸಿದ್ದು ಬಯಲಿನಲ್ಲಿ.

ಈಗ ಪಿ 0304 ಬಂದರೆ ಕಾಯಿಲ್ ಜೊತೆ ಕಾಯಿಲೆಯೂ ನಡೆದುಹೋಯಿತು, ಕಾಯಿಲೇ ತಪ್ಪಿತಸ್ಥ. ಮತ್ತೆ ಪಿ 0302 ಬಂದರೆ ಕಾಯಿಲ್ ಬಿಟ್ಟುಬಿಡಿ, ಮುಂದೆ ಪ್ಲಗ್ಗುಗಳನ್ನು ಇದೇ ರೀತಿ ಅದಲು ಬದಲು ಮಾಡಿ, ಅದರ ನಂತರ ಇಂಜೆಕ್ಟರ್. ಒಂದು ಸಲಕ್ಕೆ ಒಂದೇ. ಕಾಯಿಲೂ ಪ್ಲಗ್ಗೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ಕೊನೆಗೂ ತಿಳಿಯುವುದಿಲ್ಲ. ಕೋಡ್ ಓದುವ ಬ್ಲೂಟೂತ್ ರೀಡರ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿ ನೋಡಬಹುದು. ನಿಮ್ಮ ಹಾಗೆ ಘಾಟಿ ಓಡಾಡುವವರ ಹತ್ತಿರ ಅದೊಂದು ಇರಲಿ.

ಕತ್ತಲಲ್ಲಿ ಬಾನೆಟ್ ತೆರೆದು ನೀರು ಚಿಮುಕಿಸಿ ನೀಲಿ ಕಿಡಿ ನೋಡುವ ಹಳೆಯ ಉಪಾಯವನ್ನೂ ಯಾರಾದರೂ ಹೇಳಬಹುದು. ಉದ್ದ ಹೈಟೆನ್ಷನ್ ವಯರ್ ಇದ್ದ ಹಿಂದಿನ ಕಾರುಗಳಿಗೆ ಅದು ಒಳ್ಳೆಯ ಪರೀಕ್ಷೆ. ನಿಮ್ಮದರಲ್ಲಿ ಕಿಡಿ ಸೋರುವುದು ಪ್ಲಗ್ಗಿನ ಗುಂಡಿಯ ಆಳದಲ್ಲಿ, ಮೇಲಿನಿಂದ ಕಾಣುವುದಿಲ್ಲ.

ಕಾಯಿಲ್ ಹೊರಗೆ ಬಂದಾಗ ಆ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಲು ಮರೆಯಬೇಡಿ. ಅಲ್ಲಿ ಎಂಜಿನ್ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ ಎಂದರ್ಥ. ಆಯಿಲಿನಲ್ಲಿ ನೆನೆದ ರಬ್ಬರ್ ಬೂಟ್ ಉಬ್ಬಿ ಮೆತ್ತಗಾಗುತ್ತದೆ. ಗ್ಯಾಸ್ಕೆಟ್ ಹಾಕದೆ ಹೊಸ ಕಾಯಿಲ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ನೀರು ನಿಂತಿದ್ದರೆ ಬೇರೆ ಕಥೆ. ಪ್ರತಿ ವರ್ಷ ಆಯುಧ ಪೂಜೆ ಮುಗಿದ ಮರುದಿನ ನಮ್ಮ ಗ್ಯಾರೇಜಿಗೆ ಮೂರು ನಾಲ್ಕು ಕಾರು ಬರುವುದು ಖಂಡಿತ. ‘ನಿನ್ನೆವರೆಗೆ ಎಂತ ತೊಂದರೆಯೂ ಇರಲಿಲ್ಲ ಮಾರಾಯ್ರೆ, ಪೂಜೆಗೆ ತೊಳೆದು ತಂದದ್ದು ಮಾತ್ರ’ ಎನ್ನುತ್ತಾರೆ. ಎಂಜಿನ್ನಿನ ಮೇಲೆ ಜೆಟ್ ನೀರು ಬಿಟ್ಟಿರುತ್ತಾರೆ, ಅದು ಗುಂಡಿಗೆ ಇಳಿದಿರುತ್ತದೆ. ಗಾಳಿ ಹೊಡೆದು ಒಣಗಿಸಿದರೆ ಹೆಚ್ಚಿನವು ಸರಿಯಾಗುತ್ತವೆ. ಪೂಜೆಗೆ ಎಂಜಿನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬೂಟಿನ ಒಳಗೋಡೆಯ ಮೇಲೆ ಅಥವಾ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಗೀರಿದ ಹಾಗೆ ಕಪ್ಪು ಗೆರೆ ಇದೆಯೇ ನೋಡಿ. ಅದು ಕಿಡಿ ಓಡಿದ ಜಾಡು. ಗೆರೆ ಇದ್ದರೆ ಬೂಟನ್ನೂ ಪ್ಲಗ್ಗನ್ನೂ ಜೊತೆಯಾಗಿ ಬದಲಿಸಬೇಕು, ಒಂದರ ಜಾಡು ಇನ್ನೊಂದನ್ನು ಮತ್ತೆ ಕೆಡಿಸುತ್ತದೆ. ನಿಮಗೆ ಈ ಮಾತು ಮುಖ್ಯ: ಹೊಸ ಪ್ಲಗ್ಗನ್ನು ಹಳೆಯ ಬೂಟಿಗೇ ಸಿಕ್ಕಿಸಿ ಓಡಿಸಿದ್ದೀರಿ, ಹೊಸತಕ್ಕೂ ಜಾಡು ಬಿದ್ದಿರಬಹುದು. ಪಿಂಗಾಣಿಯ ಬುಡದಲ್ಲಿ ಸುತ್ತಲೂ ಕಂದು ಬಣ್ಣದ ಮಸುಕು ಉಂಗುರ ಕಂಡರೆ ಮಾತ್ರ ಹೆದರಬೇಡಿ, ಹೈವೋಲ್ಟೇಜಿನ ಸುತ್ತ ಧೂಳು ಅಂಟಿದ ಕಲೆ ಅದು, ದೋಷ ಅಲ್ಲ.

ಕಾಯಿಲ್, ಪ್ಲಗ್, ಇಂಜೆಕ್ಟರ್ ಮೂರೂ ಅದಲು ಬದಲಾದ ಮೇಲೂ ಕೋಡ್ ಎರಡನೇ ಸಿಲಿಂಡರನ್ನೇ ಹಿಡಿದುಕೊಂಡಿದ್ದರೆ ಮೊದಲು ಅಲ್ಲಿಗೆ ಹೋಗುವ ವಯರಿಂಗ್ ನೋಡಿ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ನಿನ ಮೇಲೆ ಬಂದು ಕೂರುತ್ತವೆ, ತೋಟದ ಮನೆಗಳಲ್ಲಂತೂ ಇದು ದಿನದ ಪಾಡು. ಅರ್ಧ ಕಡಿದ ವಯರ್ ಸಮ ರಸ್ತೆಯಲ್ಲಿ ಕೆಲಸ ಮಾಡಿ ಕುಲುಕಾಟದಲ್ಲಿ ಕೈಕೊಡುತ್ತದೆ. ವಯರೂ ಸರಿ ಇದ್ದರೆ ಕಂಪ್ರೆಷನ್ ಟೆಸ್ಟ್. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಪೆಟ್ರೋಲ್ ಬರದಂತೆ ಕಟ್ ಮಾಡಿ, ಥ್ರಾಟಲ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಒಂದು ಸಿಲಿಂಡರಿನದ್ದು ಉಳಿದವಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ಇಳಿದಿದ್ದರೆ ಕಾಯಿಲೆ ಎಂಜಿನ್ನಿನ ಒಳಗಿದೆ. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ನಿಮ್ಮ ಕಾರು ಬಯಲಿನಲ್ಲಿ ನುಣ್ಣಗೆ ಓಡುತ್ತದೆ ಎಂದು ಬರೆದಿದ್ದೀರಿ, ಹಾಗಾಗಿ ಇಲ್ಲಿವರೆಗೆ ಬರಲಿಕ್ಕಿಲ್ಲ ಎಂದು ನನ್ನ ಅನಿಸಿಕೆ. ಕಂಪ್ರೆಷನ್ ಹೋದ ಸಿಲಿಂಡರ್ ಐಡ್ಲಿಂಗಿನಲ್ಲೇ ಗಡಗಡ ಅನ್ನುತ್ತದೆ.

ಘಾಟಿಯ ಎತ್ತರದಿಂದ ಹೀಗಾಗಬಹುದೇ ಎಂದು ಕೆಲವರು ಕೇಳುತ್ತಾರೆ. ಆಗುಂಬೆ ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ, ಅಲ್ಲಿನ ಗಾಳಿಯಲ್ಲಿ ಎಂಜಿನ್ನಿನ ಶಕ್ತಿ ನೂರಕ್ಕೆ ಆರೇಳರಷ್ಟು ಇಳಿಯುತ್ತದೆ. ಅದು ಮೆಲ್ಲಗೆ ಇಳಿಯುವ ಇಳಿತ, ಜರ್ಕ್ ಕೊಡುವುದಿಲ್ಲ.

ಎಥೆನಾಲ್ ವಿಷಯ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ನೂರಕ್ಕೆ 20 ಸೇರಿಸಿದಾಗ ಲೀಟರಿನ ಶಕ್ತಿ ಆರೇಳು ಶೇಕಡ ಕಡಿಮೆಯಾಗುತ್ತದೆ, ಮೈಲೇಜಿನಲ್ಲಿ ಅದು ಕಾಣಿಸುತ್ತದೆ. ನಿಮ್ಮ ಕಾಲದ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಅಷ್ಟು ಎಥೆನಾಲಿಗೆಂದು ಮಾಡಿದ್ದಲ್ಲ, ಹಾಗಾಗಿ ಸರ್ವಿಸಿನಲ್ಲಿ ಅವನ್ನು ನೋಡಿಸುತ್ತಿರಿ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಎಥೆನಾಲ್ ನೀರನ್ನು ಹೀರುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಆಗ ಕಾರು ಸ್ಟಾರ್ಟೇ ಆಗದಿರಬಹುದು. ಆದರೆ ಅಂಥ ತೊಂದರೆ ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೇ ಶುರುವಾಗುತ್ತದೆ, ನಾಲ್ಕೂ ಸಿಲಿಂಡರಿಗೆ ಬರುತ್ತದೆ, ಬಯಲು ಘಾಟಿ ಎಂದು ನೋಡುವುದಿಲ್ಲ. ಅನುಮಾನ ಇದ್ದರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಪೆಟ್ರೋಲ್ ತೆಗೆಸಿ ಒಂದು ಗಂಟೆ ಅಲುಗಿಸದೆ ಇಡಿ, ಎರಡು ಪದರ ಕಂಡರೆ ನೀರಿದೆ. ಒಂದೇ ಸಿಲಿಂಡರನ್ನು ಆರಿಸಿ, ಏರಿನಲ್ಲಿ ಮಾತ್ರ ಕೆಡಿಸುವ ಪೆಟ್ರೋಲ್ ಇಲ್ಲ.

ಕಲ್ಸಂಕದಲ್ಲಿ ಆಫ್ ಆಗುವುದು ನಾನು ಹೇಳಿದ ಎರಡನೇ ಕಾಯಿಲೆ. ಆಫ್ ಆದ ಕೂಡಲೇ ಸ್ಟಾರ್ಟ್ ಆಗುತ್ತದೆ ಎಂದಿದ್ದೀರಿ, ಆ ಒಂದು ಮಾತು, ಕ್ರ್ಯಾಂಕ್ ಶಾಫ್ಟಿನ ವೇಗ ಎಣಿಸುವ ಕ್ರ್ಯಾಂಕ್ ಸೆನ್ಸರನ್ನು ಬಹುಮಟ್ಟಿಗೆ ಪಕ್ಕಕ್ಕಿಡುತ್ತದೆ. ಬಿಸಿಗೆ ಸೋತ ಕ್ರ್ಯಾಂಕ್ ಸೆನ್ಸರ್ ಓಡುತ್ತಿರುವಾಗಲೇ ಎಂಜಿನ್ ನಿಲ್ಲಿಸುತ್ತದೆ, ಆಮೇಲೆ ತಣಿಯುವವರೆಗೆ, ಕೆಲವೊಮ್ಮೆ ಅರ್ಧ ಗಂಟೆ, ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ನಿಮ್ಮದು ಥ್ರಾಟಲ್ ಬಾಡಿಯ ಕೆಲಸ. ನಿಂತಾಗ ಎಂಜಿನ್ನಿಗೆ ಗಾಳಿ ಹೋಗುವುದು ಥ್ರಾಟಲ್ ತಟ್ಟೆಯ ಅಂಚಿನ ಕೂದಲೆಳೆ ಸಂದಿನಿಂದ. 84 ಸಾವಿರ ಕಿ.ಮೀ. ಓಡಿದ ಕಾರಿನಲ್ಲಿ ಆ ಅಂಚಿಗೆ ಕರಿ ಕಟ್ಟಿರುತ್ತದೆ. ಏಸಿ ಕಂಪ್ರೆಸರ್ ಹಿಡಿದ ಕ್ಷಣ ಎಂಜಿನ್ನಿಗೆ ಭಾರ ಬಿದ್ದು, 800ರ ಆಸುಪಾಸು ಇರಬೇಕಾದ ಆರ್‌ಪಿಎಂ ಐನೂರಕ್ಕೆ ಕುಸಿದು ನಂದಿಹೋಗುತ್ತದೆ. ಥ್ರಾಟಲ್ ಬಾಡಿ ಬಿಚ್ಚಿಸಿ ಅದರದ್ದೇ ಕ್ಲೀನರಿನಿಂದ ತೊಳೆಸಿ, ಆಮೇಲೆ ಸ್ಕ್ಯಾನರಿನಿಂದ ಐಡ್ಲಿಂಗ್ ಮತ್ತೆ ಕಲಿಸಲು ಹೇಳಿ. ಹಾಗೆ ಮಾಡದಿದ್ದರೆ ತೊಳೆದ ಮೇಲೆ ಕೆಲವು ದಿನ ಆರ್‌ಪಿಎಂ ಮೇಲೆ ಕೆಳಗೆ ಆಡುತ್ತದೆ, ಕೆಲಸ ಕೆಟ್ಟಿತು ಎಂದು ನೀವು ಗಾಬರಿಯಾಗುತ್ತೀರಿ. ಥ್ರಾಟಲ್ ಬಿಚ್ಚಿದಾಗ ಅಕ್ಕಪಕ್ಕದ ವ್ಯಾಕ್ಯೂಮ್ ಪೈಪುಗಳನ್ನು ಕೈಯಲ್ಲಿ ಮಡಚಿ ಬಿರುಕು ಇದೆಯೇ ನೋಡಲು ಹೇಳಿ. ಕಿಡಿ ಸರಿಯಾದ ಮೇಲೂ ಪಿ 0171 ಒಂದೇ ಉಳಿದುಕೊಂಡರೆ ಗಾಳಿ ಕದ್ದು ಒಳಗೆ ಹೋಗುತ್ತಿರುವುದು ಅಂಥ ಬಿರುಕಿನಿಂದಲೇ ಇರಬಹುದು.

ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ಮಿನುಗುವ ದೀಪ. ಎಂಜಿನ್ ದೀಪ ಸುಮ್ಮನೆ ಉರಿದರೆ ಗ್ಯಾರೇಜಿಗೆ ಹೋಗಲು ಸಮಯ ಇದೆ. ಮಿನುಗಿದರೆ, ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದು. ಅದರ ಬಿಸಿ ಸಾವಿರ ಡಿಗ್ರಿಯನ್ನೂ ಮೀರಬಹುದು, ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಮುಚ್ಚಿಕೊಳ್ಳಬಹುದು. ಕಾಯಿಲ್ ಒಂದಕ್ಕೆ ಎರಡು ಮೂರು ಸಾವಿರ ಆದೀತು, ಕನ್ವರ್ಟರಿಗೆ ಅದರ ಹಲವು ಪಟ್ಟು. ಹಾಗಾಗಿ ಮಿಸ್ ಸರಿಯಾಗುವವರೆಗೆ ಘಾಟಿಗೆ ಹೋಗಬೇಡಿ, ತವರಿಗೆ ಬಸ್ಸಿನಲ್ಲಿ ಹೋಗಿ ಬನ್ನಿ. ದಾರಿಯಲ್ಲಿ ದೀಪ ಮಿನುಗಿದರೆ ಕಾಲು ಸಡಿಲಿಸಿ ಮೆಲ್ಲಗೆ ಓಡಿಸಿ. ಅಂಥ ಹೊತ್ತಿನಲ್ಲಿ ಒಣ ಹುಲ್ಲು, ತರಗೆಲೆಯ ಮೇಲೆ ಕಾರು ನಿಲ್ಲಿಸಲೇಬೇಡಿ, ಬೆಂಕಿ ಹಿಡಿದೀತು.

ಕಾಯಿಲ್ ಬದಲಿಸಿ, ಥ್ರಾಟಲ್ ತೊಳೆಸಿ ಆದ ಮೇಲೆ ಜರ್ಕ್ ನಿಂತು, ಆದರೆ 3000 ಆರ್‌ಪಿಎಂ ಮೇಲೆ ಕಾರು ಉಸಿರುಕಟ್ಟಿದ ಹಾಗೆ ನಿಧಾನವಾದರೆ ಕನ್ವರ್ಟರ್ ಕಟ್ಟಿಕೊಂಡಿದೆಯೇ ನೋಡಿಸಬೇಕು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜ್ ಕಟ್ಟಿದರೆ ಒತ್ತಡ ತಿಳಿಯುತ್ತದೆ. ಮೊದಲು ಇಂದ್ರಾಳಿಯ ಏರಿನಲ್ಲಿ ಕಾಯಿಲ್ ಪರೀಕ್ಷೆ ಮಾಡಿಸಿ, ಬಂದ ಕೋಡಿನ ಕೊನೆಯ ಅಂಕಿ 2 ಆಗಿಯೇ ಇತ್ತೋ 4 ಆಯಿತೋ ಬರೆಯಿರಿ. ಗುಂಡಿಯೊಳಗೆ ಆಯಿಲ್ ಕಂಡಿತೋ ಇಲ್ಲವೋ ಅದನ್ನೂ ಸೇರಿಸಿ.